ಅಮ್ಮನ ಕೋಣೆಗೆ ಕ್ಯಾಮೆರಾ ಹಾಕುವ ಮುಂಚೆ

ಅಮ್ಮ ಮೈಸೂರಿನ ಹೊರಗಿರುವ ಒಂದು ಹಿರಿಯರ ಆರೈಕೆ ಕೇಂದ್ರಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಒಂದು ಭಾನುವಾರ ಹೋದಾಗ ಎಡ ತೋಳಿನ ಮೇಲೆ ಅಂಗೈ ಅಗಲ ಕಪ್ಪಗೆ ಕಂದಿತ್ತು. ಏನಾಯ್ತಮ್ಮ ಅಂದರೆ "ಗೊತ್ತಿಲ್ಲ ಕಣೆ" ಅಂದಳು. ಸಿಸ್ಟರ್‌ನ ಕೇಳಿದರೆ, ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ತಗೊಳ್ತಾರಲ್ಲ ಮೇಡಂ, ಮಂಚದ ಕಂಬಿ ತಗುಲಿದ್ರೂ ಹೀಗಾಗುತ್ತೆ ಅಂದರು. ನಿಜವೇ ಇರಬಹುದು, ಆ ಮಾತ್ರೆ ತಗೊಳ್ಳುವವರಿಗೆ ಸುಲಭವಾಗಿ ಕಂದುವುದು ಮಾಮೂಲಿ. ಆದರೆ ಹೊಟ್ಟೆಯೊಳಗಿನ ಸಂಕಟ ಇದನ್ನೆಲ್ಲ ಕೇಳುತ್ತಾ? ರಾತ್ರಿ ಡಲ್ಲಾಸ್‌ನಲ್ಲಿರುವ ಅಣ್ಣನಿಗೆ ಫೋಟೊ ಕಳಿಸಿದೆ. ಎರಡು ನಿಮಿಷಕ್ಕೆ ಫೋನ್ ಬಂತು. "ಕ್ಯಾಮೆರಾ ಹಾಕ್ಸು. ದುಡ್ಡು ನಾನು ಕಳಿಸ್ತೀನಿ."

ಹಾಕಿಸಿದೆವು. ತಪ್ಪೂ ಮಾಡಿದೆವು. ಈಗ ಪರಿಚಯದ ಮೂರು ಮನೆಯವರು ಇದೇ ವಿಷಯ ಕೇಳಿದ್ದಾರೆ. ಪ್ರತಿಸಲ ಫೋನಿನಲ್ಲಿ ಮುಕ್ಕಾಲು ಗಂಟೆ ಹೇಳುವುದಕ್ಕೆ ಆಗುವುದಿಲ್ಲ, ಅದಕ್ಕೆ ಒಂದೇ ಸಲ ಬರೆದುಬಿಡುತ್ತೇನೆ.

ಮೊದಲು ಒಂದು ಚೀಟಿ

ಕ್ಯಾಮೆರಾ ಆರ್ಡರ್ ಮಾಡುವ ಮುಂಚೆ ಒಂದು ಚೀಟಿಯಲ್ಲಿ ಒಂದೇ ಸಾಲು ಬರೆಯಿರಿ. ನನಗೆ ಏನು ಗೊತ್ತಾಗಬೇಕು? "ಅಮ್ಮ ಹೇಗಿದ್ದಾಳೆ" ಅಂತ ಬರೆದರೆ ಅದು ನಿಮ್ಮ ಕಳವಳ ಅಷ್ಟೆ. ಕಳವಳಕ್ಕೆ ಕ್ಯಾಮೆರಾ ಮದ್ದಲ್ಲ, ನೋಡಿದಷ್ಟೂ ಜಾಸ್ತಿಯಾಗುತ್ತೆ. ರಾತ್ರಿ ಬೆಲ್ ಒತ್ತಿದರೆ ಎಷ್ಟು ಹೊತ್ತಿಗೆ ಬರುತ್ತಾರೆ? ಎತ್ತಿ ಕೂರಿಸುವಾಗ ತೋಳು ಹಿಡಿದು ಎಳೆಯುತ್ತಾರಾ? ಮಂಚದಿಂದ ಇಳಿಯುವಾಗ ಯಾವ ಕಡೆ ಜಾರುತ್ತಾಳೆ? ಪ್ರಶ್ನೆ ಅಂದರೆ ಹೀಗಿರಬೇಕು.

ಚೀಟಿ ಬರೆದ ಮೇಲೆ ಎಷ್ಟೋ ಸಲ ಕ್ಯಾಮೆರಾನೇ ಬೇಡ ಅಂತ ಆಗುತ್ತೆ. ಸರಿಯಾಗಿ ಊಟ ಕೊಡುತ್ತಾರೋ ಇಲ್ಲವೋ ಅನ್ನುವುದು ಪ್ರಶ್ನೆಯಾದರೆ ತಿಂಗಳಿಗೊಮ್ಮೆ ತೂಕ ನೋಡಿಸಿ ಬರೆದಿಡಿ, ಹೇಳದೆ ಕೇಳದೆ ರಾತ್ರಿ ಊಟದ ಹೊತ್ತಿಗೆ ಹೋಗಿ ನಿಲ್ಲಿ. ಮಲಗಿದ್ದಲ್ಲೇ ಇರುವವರಿಗೆ ಹಾಸಿಗೆ ಹುಣ್ಣಾಗುವ ಭಯವಿದ್ದರೆ ಎರಡೆರಡು ಗಂಟೆಗೆ ಮಗ್ಗುಲು ಬದಲಿಸಿದ ಚಾರ್ಟ್ ಕೇಳಿ, ಬರೀ ಚಾರ್ಟ್ ನಂಬದೆ ಹಿಮ್ಮಡಿ, ಸೊಂಟದ ಕೆಳಭಾಗ ಕಣ್ಣಾರೆ ನೋಡಿ. ಬೀಳುವ ಭಯವಾದರೆ ಹಾಸಿಗೆಯಿಂದ ಎದ್ದ ತಕ್ಷಣ ಶಬ್ದ ಮಾಡುವ ಮ್ಯಾಟ್ ಸಿಗುತ್ತೆ, ಕಾಲಿಟ್ಟರೆ ಹೊತ್ತಿಕೊಳ್ಳುವ ಸಣ್ಣ ಲೈಟ್ ಸಿಗುತ್ತೆ. ಕ್ಯಾಮೆರಾ ಯಾರನ್ನೂ ಬೀಳದ ಹಾಗೆ ಹಿಡಿಯುವುದಿಲ್ಲ. ಬಿದ್ದ ಮೇಲೆ ತೋರಿಸುತ್ತೆ.

ಹಾಗಾದರೆ ಯಾವಾಗ ಬೇಕು? ಗಾಯ ಮತ್ತೆ ಮತ್ತೆ ಆಗುತ್ತಿದೆ, ಕಾರಣ ಯಾರೂ ಹೇಳುತ್ತಿಲ್ಲ. ಅಲ್ಲಿ ಇರುವವರಿಗೆ ಮರೆವು ಇದೆ ಅಥವಾ ಮಾತು ನಿಂತಿದೆ, ನಡೆದದ್ದು ಹೇಳಲಾರರು. ಒಬ್ಬ ಆಯಾ ಬಂದರೆ ಮಾತ್ರ ಮುದುಡಿಕೊಳ್ಳುತ್ತಾರೆ. ಇಂಥ ಕಡೆ ಕ್ಯಾಮೆರಾ ಕೆಲಸಕ್ಕೆ ಬರುತ್ತೆ, ಮುಲಾಜು ನೋಡಬೇಡಿ.

ಯಾರ ಕೋಣೆ, ಅವರನ್ನ ಕೇಳಿ

ನಾವು ಮಾಡಿದ ದೊಡ್ಡ ತಪ್ಪು ಇಲ್ಲೇ. ಅಮ್ಮನಿಗೆ ಕಣ್ಣು ಮಂದ, ಮೊಣಕಾಲು ಹೋಗಿದೆ, ಆದರೆ ತಲೆ ಚೆನ್ನಾಗಿದೆ, ಹಾಲಿನವನ ಲೆಕ್ಕ ಇವತ್ತಿಗೂ ಬಾಯಲ್ಲಿ ಹೇಳುತ್ತಾಳೆ. ಆದರೂ ಕೇಳಲಿಲ್ಲ. "ವಿಡಿಯೋ ಕಾಲ್ ಮಾಡೋದಕ್ಕಮ್ಮ" ಅಂತ ಸುಳ್ಳು ಹೇಳಿ ಗೋಡೆಗೆ ಹಾಕಿಸಿದೆವು. ನಾಲ್ಕನೇ ದಿನ ಆಯಾ ಫೋನ್ ಮಾಡಿದರು. ಅಮ್ಮ ಸೀರೆ ಬದಲಾಯಿಸುವುದಕ್ಕೆ ಬಾತ್‌ರೂಮಿಗೆ ಹೋಗುತ್ತಿದ್ದಾಳಂತೆ, ಬಾಗಿಲು ಹಾಕಿಕೊಂಡು, ಒದ್ದೆ ನೆಲದ ಮೇಲೆ, ವಾಕರ್ ಆಚೆ ಬಿಟ್ಟು. ಬೀಳಬಾರದು ಅಂತ ಹಾಕಿದ ಕ್ಯಾಮೆರಾ ಅವಳನ್ನ ಆ ಕೋಣೆಯಲ್ಲಿ ಎಲ್ಲಕ್ಕಿಂತ ಜಾರುವ ಜಾಗಕ್ಕೆ ಓಡಿಸಿತ್ತು.

ಮಾರನೇ ದಿನವೇ ಹೋಗಿ ಎದುರು ಕೂತು ಎಲ್ಲ ಹೇಳಿದೆ. ನನ್ನ ಫೋನ್ ಕೈಗೆ ಕೊಟ್ಟು ನನಗೆ ಹೇಗೆ ಕಾಣುತ್ತೆ ಅಂತ ತೋರಿಸಿದೆ. ಇದನ್ನ ನೀವೂ ಮಾಡಿ, ಬಾಯಲ್ಲಿ ಎಷ್ಟು ವಿವರಿಸಿದರೂ ಅರ್ಥವಾಗದ್ದು ಪರದೆ ನೋಡಿದ ತಕ್ಷಣ ಅರ್ಥವಾಗುತ್ತೆ. ಅಮ್ಮ ಸ್ವಲ್ಪ ಹೊತ್ತು ನೋಡಿದಳು. ಬೈಯಲಿಲ್ಲ. ಷರತ್ತು ಹಾಕಿದಳು. "ಸ್ನಾನ ಆದ್ಮೇಲೆ ಅರ್ಧ ಗಂಟೆ ಮುಚ್ಚಿರ್ಬೇಕು. ಅವನು ನೋಡೋದು ಬೇಡ, ಗಂಡು ಹುಡುಗ. ನೀನು ನೋಡ್ಕೊ."

ಅಣ್ಣನಿಗೆ ಐವತ್ತೆಂಟು ವರ್ಷ. ದುಡ್ಡು ಕೊಟ್ಟವನೂ ಅವನೇ. ಅವನ ಫೋನಿನಿಂದ ತೆಗೆದೆವು, ಎರಡು ವಾರ ಮಾತು ಬಿಟ್ಟಿದ್ದ.

"ಈ ವಯಸ್ಸಲ್ಲಿ ಎಂಥಾ ಪ್ರೈವೆಸಿ" ಅನ್ನುವವರು ನಮ್ಮ ನೆಂಟರಲ್ಲೂ ಇದ್ದರು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತಲ್ಲ, ಆ ಕೇಸು ಹಾಕಿದವರು ಯಾರು? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ನಮ್ಮಮ್ಮನಿಗಿಂತ ದೊಡ್ಡವರು!

ಮರೆವಿನ ಕಾಯಿಲೆ ಇರುವವರ ವಿಷಯ ಕಷ್ಟ, ಒಪ್ಪುತ್ತೇನೆ. ಡಾಕ್ಟರು "ಇವರು ನಿರ್ಧಾರ ಮಾಡೋ ಸ್ಥಿತಿಯಲ್ಲಿಲ್ಲ" ಅಂದಿದ್ದರೂ ಸುಮ್ಮನೆ ಹಾಕಿಬಿಡಬೇಡಿ. ಬೆಳಿಗ್ಗೆ ತಿಂಡಿ ಆದ ಮೇಲೆ, ಮನಸ್ಸು ತಿಳಿಯಾಗಿರುವ ಹೊತ್ತಿಗೆ, ಸಣ್ಣ ಮಾತಿನಲ್ಲಿ ಹೇಳಿ. ಇನ್ನೊಂದು ದಿನ ಮತ್ತೆ ಹೇಳಿ. ಆರೈಕೆ ಕೇಂದ್ರದ ಕೋಣೆಯಲ್ಲಿ ಕ್ಯಾಮೆರಾ ಇಡುವುದಕ್ಕೆ ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ ಒಂದು ಕಾನೂನು 2020ರಿಂದ ಜಾರಿಯಲ್ಲಿದೆ. ಅದರಲ್ಲಿ ನನಗೆ ಹಿಡಿಸಿದ ಮಾತೊಂದಿದೆ: ಮನೆಯವರು ಒಪ್ಪಿದ್ದರೂ, ಇರುವವರು ಬಾಯಿ ಮಾತಲ್ಲೋ ಸನ್ನೆಯಲ್ಲೋ ಬೇಡ ಅಂದರೆ ಹಾಕುವ ಹಾಗಿಲ್ಲ. ನಮ್ಮಲ್ಲಿ ಅಂಥ ಕಾನೂನಿಲ್ಲ, ಆದರೆ ಆ ರೂಢಿ ಇಟ್ಟುಕೊಳ್ಳುವುದಕ್ಕೆ ಕಾನೂನೇ ಬೇಕಾ? ಕ್ಯಾಮೆರಾ ಕಡೆ ಬೆನ್ನು ಹಾಕಿ ಕೂರುತ್ತಾರೆ, ಅದರ ಮೇಲೆ ಟವೆಲ್ ಎಸೆಯುತ್ತಾರೆ ಅಂದರೆ ಅದೂ ಉತ್ತರವೇ.

ಪಕ್ಕದ ಹಾಸಿಗೆ ಮತ್ತು ಆಯಾ

ಇಬ್ಬರು ಇರುವ ಕೋಣೆಯಾದರೆ ಪಕ್ಕದ ಹಾಸಿಗೆಯವರ ಒಪ್ಪಿಗೆ ಇಲ್ಲದೆ ಕ್ಯಾಮೆರಾ ಇಲ್ಲ. ಇದರಲ್ಲಿ ಮಾತೇ ಇಲ್ಲ. ಅವರಿಗೆ ಡೈಪರ್ ಬದಲಿಸುವುದು, ಮೈ ಒರೆಸುವುದು ಎಲ್ಲ ಅದೇ ಕೋಣೆಯಲ್ಲಿ ನಡೆಯುತ್ತೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಪ್ರಕಾರ ಒಬ್ಬರ ಗುಪ್ತಾಂಗದ ಚಿತ್ರವನ್ನ ಒಪ್ಪಿಗೆಯಿಲ್ಲದೆ ತೆಗೆದರೂ ಕಳಿಸಿದರೂ 3 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಹೆಂಗಸರ ಖಾಸಗಿ ಕ್ಷಣಗಳನ್ನ ಕದ್ದು ನೋಡುವುದು, ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂನಲ್ಲಿ ಅಪರಾಧ. "ನಮ್ಮಮ್ಮನ್ನ ನೋಡೋಕೆ ಹಾಕಿದ್ದು ಸರ್" ಅಂತ ಸ್ಟೇಷನ್ನಿನಲ್ಲಿ ಹೇಳುವ ಪರಿಸ್ಥಿತಿ ತಂದುಕೊಳ್ಳಬೇಡಿ.

ಅಣ್ಣ ಮಾತೆತ್ತಿದರೆ ಟೆಕ್ಸಾಸ್ ಟೆಕ್ಸಾಸ್ ಅನ್ನುತ್ತಿದ್ದ. ಅಲ್ಲಿ 2001ರಿಂದಲೇ ನರ್ಸಿಂಗ್ ಹೋಮ್ ಕೋಣೆಯಲ್ಲಿ ಕ್ಯಾಮೆರಾ ಇಡುವ ಹಕ್ಕು ಕಾನೂನಿನಲ್ಲಿದೆ, ನಿಜ. ಆದರೆ ಅವನು ಹೇಳದೇ ಬಿಟ್ಟದ್ದೂ ಅದೇ ಕಾನೂನಿನಲ್ಲಿದೆ. ಫಾರಂ ತುಂಬಬೇಕು, ಕೋಣೆ ಹಂಚಿಕೊಂಡವರು ಬರೆದು ಒಪ್ಪಬೇಕು, ನಮ್ಮ ಕಡೆ ತಿರುಗಿಸಬೇಡಿ ಅಂತ ಅವರು ಷರತ್ತು ಹಾಕಬಹುದು, ಕೋಣೆ ಬಾಗಿಲಿಗೆ ಇಲ್ಲಿ ಕ್ಯಾಮೆರಾ ಇದೆ ಅಂತ ಬೋರ್ಡ್ ಹಾಕಬೇಕು, ಖರ್ಚು ಇಟ್ಟವರದ್ದು. ಈ ಐದು ಮಾತನ್ನ ನಾವು ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿ, ಪಕ್ಕದ ಅಜ್ಜಿಗೆ ಓದಿ ಹೇಳಿ, ಅವರ ಮಗನ ಎದುರಿಗೇ ಸಹಿ ಹಾಕಿಸಿದೆವು. ಅಜ್ಜಿ ಕೇಳಿದ್ದು ಒಂದೇ: "ನಾನು ಗೊರಕೆ ಹೊಡಿಯೋದು ಕೇಳ್ಸುತ್ತಾ?" ಕೇಳಿಸುತ್ತೆ ಅಂದೆ. ಬೇಡ ಅಂದರು.

ಅಲ್ಲಿಗೆ ಧ್ವನಿ ಆಫ್ ಆಯಿತು, ಅದು ಒಳ್ಳೆಯದೇ ಆಯಿತು. ಚಿತ್ರಕ್ಕಿಂತ ಧ್ವನಿ ಜಾಸ್ತಿ ಕೆದಕುತ್ತೆ. ಅಮ್ಮ ಸೊಸೆ ಬಗ್ಗೆ ಹೇಳಿಕೊಂಡಿದ್ದು, ಡಾಕ್ಟರ ಹತ್ತಿರ ಹೊಟ್ಟೆ ವಿಷಯ ಮಾತಾಡಿದ್ದು, ಆಯಾ ಗಂಡನ ಕುಡಿತದ ಬಗ್ಗೆ ಅತ್ತಿದ್ದು ಎಲ್ಲ ರೆಕಾರ್ಡ್ ಆಗಿ ಕೂರಬೇಕಾ? ಬೈಗುಳದ ಅನುಮಾನವೇ ನಿಮ್ಮ ಚೀಟಿಯಲ್ಲಿದ್ದರೆ ಮಾತ್ರ ಧ್ವನಿ ಬೇಕು.

ಆಯಾಗಳನ್ನೂ ಮರೆಯಬೇಡಿ. ರಾತ್ರಿ ಪಾಳಿಯ ಹೆಂಗಸು ಎಷ್ಟೋ ಕಡೆ ಅದೇ ಕೋಣೆಯಲ್ಲಿ ಚಾಪೆ ಹಾಸಿ ಮಲಗುತ್ತಾಳೆ, ಯೂನಿಫಾರಂ ಬದಲಿಸುತ್ತಾಳೆ. ಕ್ಯಾಮೆರಾ ಇದೆ ಅಂತ ಅವರಿಗೆ ಹೆಸರು ಕೂಗಿ ಹೇಳಿ, ಬಟ್ಟೆ ಬದಲಿಸುವುದಕ್ಕೆ ಬೇರೆ ಜಾಗ ಇದೆಯಾ ಅಂತ ಆಡಳಿತದವರನ್ನ ಕೇಳಿ. ನಂಬಿಕೆಯಿಲ್ಲದೆ ನೋಡುತ್ತಿದ್ದಾರೆ ಅನ್ನಿಸಿದರೆ ಅವರು ಮುಟ್ಟುವುದಕ್ಕೇ ಹೆದರುತ್ತಾರೆ, ಬೆನ್ನು ತಟ್ಟುವುದು, ತಲೆ ಬಾಚಿ ಜಡೆ ಹಾಕುವುದು ಎಲ್ಲ ನಿಂತುಹೋಗುತ್ತೆ. ನಮ್ಮಲ್ಲಿ ಮೊದಲ ವಾರ ಹಾಗೇ ಆಯಿತು.

ಆಡಳಿತದವರ ಹತ್ತಿರ

ಬಾಯಿ ಮಾತಿಗೆ ಬಿಡಬೇಡಿ, ಒಂದು ಪತ್ರ ಬರೆದು ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಯಾವ ಮಂಚದ ಕಡೆ ತಿರುಗಿರುತ್ತೆ, ಯಾವ ಹೊತ್ತಿಗೆ ಮುಚ್ಚಿರುತ್ತೆ, ವೈಫೈ ಯಾರದ್ದು, ಯಾರು ನೋಡುತ್ತಾರೆ, ಇಷ್ಟು ಸಾಕು. ಅವರ ವೈಫೈ ಬೇಡ, ಒಂದು ಡಾಂಗಲ್ ತಗೊಂಡು ನಿಮ್ಮದೇ ಸಿಮ್ ಹಾಕಿ.

ಬೇಡ ಅಂದರೆ? ಯಾಕೆ ಅಂತ ಕೇಳಿ. "ಪಕ್ಕದವರ ಮನೆಯವರು ಒಪ್ಪಲ್ಲ" ಅಂದರೆ ನ್ಯಾಯವಾದ ಮಾತು. "ನಮ್ಮ ರೂಲ್ಸಲ್ಲಿ ಇಲ್ಲ" ಅಂತಷ್ಟೇ ಅಂದರೆ ಒಬ್ಬರೇ ಇರುವ ಕೋಣೆಗೆ ಬದಲಿಸಿಕೊಳ್ಳುವ ಬಗ್ಗೆ ಮಾತಾಡಿ. ಕದ್ದು ಹಾಕುವ ಆಸೆ ಬರುತ್ತೆ, ನನಗೂ ಬಂದಿತ್ತು. ಮಿನೆಸೋಟಾದಲ್ಲಿ, ಹೇಳಿದರೆ ಅಪ್ಪ ಅಮ್ಮನ ಮೇಲೆ ಸೇಡು ತೀರಿಸಿಕೊಳ್ಳುತ್ತಾರೆ ಅನ್ನುವ ಭಯಕ್ಕೆ ಕಾರಣವಿದ್ದರೆ, 14 ದಿನದವರೆಗೆ ಸಂಸ್ಥೆಗೆ ತಿಳಿಸದೆ ಇಡಬಹುದು. ನಮ್ಮಲ್ಲಿ ಅಂಥ ರಕ್ಷಣೆ ಇಲ್ಲ. ಹೊಡೆಯುತ್ತಾರೆ ಅನ್ನುವಷ್ಟು ಅನುಮಾನ ಬಂದಿದ್ದರೆ ಸಾಕ್ಷಿ ಹುಡುಕುತ್ತಾ ಕೂರುವ ಬದಲು ಅವರನ್ನ ಅಲ್ಲಿಂದ ಕರಕೊಂಡು ಬನ್ನಿ, ಆಮೇಲೆ ವಕೀಲರ ಹತ್ತಿರ ಹೋಗಿ.

ಹಾಗೇ ಅವರದ್ದೇ ಕ್ಯಾಮೆರಾ ಎಲ್ಲೆಲ್ಲಿದೆ ಅಂತಲೂ ಕೇಳಿ. ಕಾರಿಡಾರ್, ಊಟದ ಹಾಲ್, ಗೇಟ್ ಸರಿ. ಅಮ್ಮನಿಗೆ ಜಾಗ ಹುಡುಕುವಾಗ ಒಂದು ಕಡೆ ರಿಸೆಪ್ಷನ್ ಟಿವಿಯಲ್ಲಿ ಒಂಬತ್ತು ಚೌಕ ಕಾಣುತ್ತಿತ್ತು. ಒಂದರಲ್ಲಿ ಮಂಚಗಳ ಸಾಲು, ಅಲ್ಲಿ ಒಬ್ಬ ತಾತನಿಗೆ ಬಟ್ಟೆ ಹಾಕುತ್ತಿದ್ದರು. ಕೊರಿಯರ್ ಹುಡುಗ ಸಹಿಗೆ ಕಾಯುತ್ತಾ ಅದನ್ನೇ ನೋಡುತ್ತಾ ನಿಂತಿದ್ದ. ಕಾಫಿ ಕೂಡ ಕುಡಿಯದೆ ಎದ್ದು ಬಂದೆವು.

ಎಲ್ಲಿ ಇಡಬೇಕು, ಹೇಗೆ ಬೀಗ ಹಾಕಬೇಕು

ಚೀಟಿ ತೆಗೆದು ನೋಡಿ. ಆ ಪ್ರಶ್ನೆಗೆ ಉತ್ತರ ಸಿಗುವಷ್ಟು ಜಾಗ ಮಾತ್ರ ಕಾಣಬೇಕು. ನಮ್ಮದು ಎತ್ತಿ ಕೂರಿಸುವ ಪ್ರಶ್ನೆ. ಆದ್ದರಿಂದ ಮಂಚದ ಬಾಗಿಲ ಕಡೆಯ ಅಂಚು ಮತ್ತು ವಾಕರ್ ನಿಲ್ಲಿಸುವ ಜಾಗ ಸಾಕಿತ್ತು. ಬಾತ್‌ರೂಮಿನ ಬಾಗಿಲು, ಕಮೋಡ್ ಕುರ್ಚಿ, ಪಕ್ಕದ ಮಂಚ ಕಾಣಬಾರದು. ಕೋನ ಎಷ್ಟು ತಿರುಗಿಸಿದರೂ ಪಕ್ಕದ ಮಂಚದ ಕಾಲು ಬರುತ್ತಿದ್ದರೆ ಎಷ್ಟೋ ಆ್ಯಪ್‌ಗಳಲ್ಲಿ ಆ ಭಾಗ ಕಪ್ಪು ಮಾಡುವ ಸೌಲಭ್ಯವಿದೆ, ಹಾಕಿ. ಸುತ್ತ ತಿರುಗುವ ಕ್ಯಾಮೆರಾ ಬೇಡವೇ ಬೇಡ. ತಿರುಗಿಸಬಹುದು ಅಂದರೆ ಒಂದು ದಿನ ತಿರುಗಿಸಿಯೇ ತಿರುಗಿಸುತ್ತೀರಿ.

ಮುಚ್ಚುವುದಕ್ಕೆ ಆ್ಯಪ್ ಬಟನ್ ನಂಬಬೇಡಿ. ಕೋಣೆಯಲ್ಲಿರುವವರಿಗೆ ಕಾಣುವ ಹಾಗೆ ಮುಚ್ಚಬೇಕು. ನಾವು ಅಮ್ಮನ ಹಳೇ ರವಿಕೆ ಬಟ್ಟೆಯಲ್ಲಿ ಒಂದು ಕುಲಾವಿ ಹೊಲಿದೆವು. ಸ್ನಾನದ ಹೊತ್ತಿಗೆ ಆಯಾ ಅದನ್ನ ತೊಡಿಸುತ್ತಿದ್ದರು, ಅಮ್ಮ ಅದಕ್ಕೆ ಕ್ಯಾಮೆರಾ ಪಾಪು ಅಂತ ಹೆಸರಿಟ್ಟಿದ್ದಳು.

ರಾತ್ರಿ ಕೆಲವು ಕ್ಯಾಮೆರಾಗಳಲ್ಲಿ ಸಣ್ಣ ಕೆಂಪು ಹೊಳಪು ಕಾಣುತ್ತೆ. ಮರೆವಿನ ಕಾಯಿಲೆಯವರಿಗೆ ಅದು ಯಾರೋ ಕಣ್ಣು ಬಿಟ್ಟು ನೋಡುತ್ತಿರುವ ಹಾಗೆ ಅನ್ನಿಸಬಹುದು, ಕತ್ತಲಲ್ಲಿ ಒಮ್ಮೆ ಅಲ್ಲೇ ಮಲಗಿ ನೋಡಿ. ಕ್ಯಾಮೆರಾ ಮೂಲಕ ನೀವು ಮಾತಾಡುವ ಸೌಲಭ್ಯವೂ ಬೇಡ. ಗೋಡೆಯಿಂದ ಮಗಳ ಧ್ವನಿ ಬಂದರೆ ಗಟ್ಟಿ ಮನಸ್ಸಿನವರೇ ಬೆಚ್ಚುತ್ತಾರೆ.

ಇನ್ನು ಬೀಗ. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯ ಸಿಸಿಟಿವಿ ದೃಶ್ಯಗಳು ಯೂಟ್ಯೂಬ್‌ನಲ್ಲಿ ಕಾಣಿಸಿಕೊಂಡು ಟೆಲಿಗ್ರಾಂನಲ್ಲಿ ಮಾರಾಟಕ್ಕೆ ಸಿಕ್ಕಿದ್ದವು, ಒಳಗೆ ಪರೀಕ್ಷೆ ಮಾಡಿಸಿಕೊಳ್ಳುತ್ತಿದ್ದ ಹೆಂಗಸರ ದೃಶ್ಯ. ಕ್ಯಾಮೆರಾ ಜೊತೆ ಬಂದ ಪಾಸ್‌ವರ್ಡನ್ನ ಬದಲಿಸದೆ ಬಿಟ್ಟಿದ್ದರು ಅಂತ ಆಮೇಲೆ ಸುದ್ದಿ ಬಂತು. ಹೊರಗಿನ ಕಳ್ಳರೇ ಆಗಬೇಕಿಲ್ಲ. ಮನೆ ಕ್ಯಾಮೆರಾ ಮಾರುವ ರಿಂಗ್ ಕಂಪನಿಯ ಸಿಬ್ಬಂದಿಯೇ ಗಿರಾಕಿಗಳ ಮಲಗುವ ಕೋಣೆಯ ವಿಡಿಯೋ ನೋಡಿದ್ದರು ಅನ್ನುವ ಆರೋಪದ ಮೇಲೆ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಕೇಸು ಹಾಕಿ, ಕಂಪನಿ 58 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ಅದಕ್ಕೇ ನನ್ನ ಓಟು ಕ್ಲೌಡ್‌ಗೆ, ಅಂದರೆ ಕಂಪನಿಯ ಕಂಪ್ಯೂಟರಿನಲ್ಲಿ ಇಡುವುದಕ್ಕೆ ಇಲ್ಲ, ಮೆಮೊರಿ ಕಾರ್ಡಿಗೆ. 128 ಜಿಬಿ ಕಾರ್ಡಿನಲ್ಲಿ ಸುಮಾರು ಒಂದು ವಾರದ್ದು ಇರುತ್ತೆ, ಆಮೇಲೆ ಹಳೆಯದು ತಾನೇ ಅಳಿಸಿಹೋಗುತ್ತೆ. ಅಷ್ಟು ಸಾಕು. ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ, ಉದ್ದದ್ದು ಇಡಿ, ಓಟಿಪಿ ಕೇಳುವ ಹಾಗೆ ಮಾಡಿ, ಇಡೀ ಮನೆಗೆ ಒಂದೇ ಪಾಸ್‌ವರ್ಡ್ ಹಂಚಬೇಡಿ. ಹೆಸರಿಲ್ಲದ ಅಗ್ಗದ ಮಾಲೂ ಬೇಡ. 2025ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಸಿಸಿಟಿವಿ ಕ್ಯಾಮೆರಾಗಳಿಗೆ ಸರ್ಕಾರದ ಭದ್ರತಾ ಪರೀಕ್ಷೆ ಕಡ್ಡಾಯ, ಅಂಗಡಿಯಲ್ಲಿ ಎಸ್‌ಟಿಕ್ಯುಸಿ ಸರ್ಟಿಫಿಕೇಟ್ ಇದೆಯಾ ಅಂತ ಕೇಳಿ.

ನೋಡುವುದು ಯಾವಾಗ, ಕಂಡರೆ ಏನು

ಮೊದಲ ವಾರ ನಾನು ಆಫೀಸಿನಲ್ಲಿ, ಬಸ್ಸಿನಲ್ಲಿ, ಒಗ್ಗರಣೆ ಹಾಕುತ್ತಾ ನೋಡಿದೆ. ಏನು ಕಂಡಿತು? ಅಮ್ಮ ಕಿಟಕಿ ನೋಡುತ್ತಾ ಕೂತಿದ್ದು. ಅದನ್ನ ನೋಡಿದ ಮೇಲೆ ಸಂಜೆ ಫೋನ್ ಮಾಡುವುದೇ ಕಡಿಮೆಯಾಯಿತು, ನೋಡಿಯಾಗಿದೆಯಲ್ಲ ಅಂತ! ಅಮ್ಮನೇ ಕೇಳಿದಳು, ಯಾಕೆ ಈಗ ಫೋನ್ ಮಾಡಲ್ಲ ಅಂತ. ಆಮೇಲೆ ಒಂದು ಕಟ್ಟುಪಾಡು ಮಾಡಿಕೊಂಡೆ. ಬೆಳಿಗ್ಗೆ ಎಬ್ಬಿಸುವ ಹೊತ್ತಿನದ್ದು, ರಾತ್ರಿ ಮಲಗಿಸುವ ಹೊತ್ತಿನದ್ದು ಮಾತ್ರ ನೋಡುವುದು. ಉಳಿದದ್ದು ಏನಾದರೂ ಆದಾಗ ತೆಗೆದು ನೋಡುವುದು. ಕ್ಲಿಪ್ ಯಾವುದೂ ವಾಟ್ಸಾಪ್ ಗ್ರೂಪಿಗೆ ಹೋಗುವ ಹಾಗಿಲ್ಲ, ಚಿಕ್ಕಮ್ಮ ಎಷ್ಟು ಕೇಳಿದರೂ.

ಹತ್ತನೇ ದಿನ ಉತ್ತರ ಸಿಕ್ಕಿತು. ಬೆಳಗಿನ ಪಾಳಿಯ ಹೊಸ ಹುಡುಗಿ ಒಬ್ಬಳೇ ಅಮ್ಮನನ್ನ ತೋಳು ಹಿಡಿದು ಎಬ್ಬಿಸುತ್ತಿದ್ದಳು. ಸಿಟ್ಟಿಲ್ಲ, ಕ್ರೌರ್ಯ ಇಲ್ಲ, ಕಲಿಸಿರಲಿಲ್ಲ ಅಷ್ಟೆ. ಆಡಳಿತದವರಿಗೆ ತೋರಿಸಿದೆವು, ಸೊಂಟಕ್ಕೆ ಬೆಲ್ಟ್ ಕಟ್ಟಿ ಇಬ್ಬರು ಸೇರಿ ಎಬ್ಬಿಸುವುದು ಹೇಗೆ ಅಂತ ಫಿಸಿಯೋಥೆರಪಿಯವರು ಬಂದು ಕಲಿಸಿದರು.

ಬೇರೆ ಥರದ್ದು ಕಂಡರೆ, ಹೊಡೆತ ಬಡಿತ ಕಂಡರೆ, ಮೊದಲು ಅವರನ್ನ ಸುರಕ್ಷಿತ ಮಾಡಿ, 112ಕ್ಕೆ ಫೋನ್ ಮಾಡಿ. ಕಾರ್ಡನ್ನ ಕ್ಯಾಮೆರಾದಿಂದ ತೆಗೆದಿಟ್ಟುಬಿಡಿ, ಇಲ್ಲದಿದ್ದರೆ ಅದರ ಮೇಲೇ ಹೊಸದು ರೆಕಾರ್ಡ್ ಆಗುತ್ತೆ. ಕತ್ತರಿಸಬೇಡಿ, ದಿನ ಗಂಟೆ ಬರೆದಿಡಿ. ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಆ ರೆಕಾರ್ಡಿಂಗ್ ಎಲ್ಲಿಂದ ಹೇಗೆ ಬಂತು ಅಂತ ದೃಢೀಕರಿಸುವ ಸರ್ಟಿಫಿಕೇಟ್ ಬೇಕಾಗುತ್ತೆ, ಮೂಲ ಕಾರ್ಡ್ ಇದ್ದರೆ ಕೆಲಸ ಸುಲಭ. ಅದೇ ದಿನ ಡಾಕ್ಟರಿಗೆ ತೋರಿಸಿ ಗಾಯ ಬರೆಸಿ. ಯಾರನ್ನ ಹಿಡಿಯಬೇಕು ಅಂತ ತೋಚದಿದ್ದರೆ ಹಿರಿಯರ ಸಹಾಯವಾಣಿ 14567 ಇದೆ. ಫೇಸ್‌ಬುಕ್ಕಿಗೆ ಹಾಕಬೇಡಿ, ಅದರಲ್ಲಿ ಪೆಟ್ಟು ತಿನ್ನುತ್ತಿರುವವರು ನಿಮ್ಮ ಅಮ್ಮ, ನಾಳೆ ಅದನ್ನ ಊರೆಲ್ಲ ನೋಡುತ್ತೆ.

ತೆಗೆಯುವುದು

ಹಾಕುವ ದಿನವೇ ತೆಗೆಯುವ ದಿನ ಬರೆದಿಡಿ. ಒಂದು ತಿಂಗಳು, ಎರಡು ತಿಂಗಳು, ಆಮೇಲೆ ಇನ್ನೂ ಬೇಕಾ ಅಂತ ಮತ್ತೆ ಕೇಳಿ. ನಮಗೆ ಉತ್ತರ ಸಿಕ್ಕಿತ್ತು, ತೆಗೆಯಬಹುದಿತ್ತು, ಇರಲಿ ಬಿಡು ಅಂತ ಬಿಟ್ಟೆವು. ಮೂರು ತಿಂಗಳಾದ ಮೇಲೆ ಅಮ್ಮನನ್ನ ಕೆಳಗಿನ ಮಹಡಿಗೆ ಬದಲಿಸಿದರು. ಸೀರೆ, ದೇವರ ಫೋಟೊ, ಔಷಧಿ ಡಬ್ಬ ಎಲ್ಲ ಸಾಗಿಸಿದೆವು. ಒಂದು ವಾರ ಕಳೆದು ರಾತ್ರಿ ಫೋನ್ ಟಿಣ್ ಅಂತು. ತೆಗೆದು ನೋಡಿದರೆ ಅಮ್ಮನ ಹಳೇ ಮಂಚದ ಅಂಚಿನಲ್ಲಿ ಯಾರೋ ಗೊತ್ತಿಲ್ಲದ ಅಜ್ಜಿ ಕೂತು ರವಿಕೆಯ ಹುಕ್ ಬಿಚ್ಚುತ್ತಿದ್ದರು. ಫೋನ್ ಮಗುಚಿ ಹಾಕಿ, ಲ್ಯಾಂಡ್‌ಲೈನಿಗೆ ಮಾಡಿ, ರಾತ್ರಿ ಪಾಳಿಯವರ ಕೈಲಿ ಪ್ಲಗ್ ಕೀಳಿಸಿದೆ. ಬೆಳಿಗ್ಗೆ ಹೋಗಿ ಕಾರ್ಡ್ ಫಾರ್ಮ್ಯಾಟ್ ಮಾಡಿ, ಆ್ಯಪಿನಿಂದ ಕ್ಯಾಮೆರಾ ಅಳಿಸಿ, ಆ ಅಜ್ಜಿಯ ಎದುರಿಗೇ ಸ್ಕ್ರೂ ಬಿಚ್ಚಿದೆ. ಏನದು ಅಂತ ಕೇಳಿದರು. ಹೇಳಿದೆ.